ಮೂರನೇ ಹಲಗೆಯ ನೀರು

ಬಲೆ ಹೊಲಿಯುವ ಕೋಣೆ ಹೊಳೆಯ ದಂಡೆಗೆ ಅಂಟಿಕೊಂಡೇ ಇದೆ. ಪಡುವಣಕ್ಕೆ ನಾಲ್ಕು ಕಿಟಕಿ. ಕಿಟಕಿಯ ಬುಡದಲ್ಲೇ ನೀರು. ಮಧ್ಯಾಹ್ನ ಇಳಿದ ಮೇಲೆ ಬಿಸಿಲು ಮೊದಲು ನೀರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಸೂರಿಗೆ ಹತ್ತುತ್ತದೆ. ಹೊತ್ತು ಜಾರಿದಂತೆ ಸೂರಿನಿಂದ ಮೆಲ್ಲನೆ ಎದುರು ಗೋಡೆಗೆ ಇಳಿಯುತ್ತದೆ. ನೀರು ಅಲುಗಿದ ಹಾಗೆಲ್ಲ ಅದೂ ಅಲುಗುತ್ತದೆ. ಹೊಸಬರು ಬಂದರೆ ಗೋಡೆಯೇ ನಡುಗುತ್ತಿದೆಯೇನೋ ಎಂದು ಕೈಯಿಟ್ಟು ನೋಡುವುದುಂಟು.

ಆ ಗೋಡೆಯ ತುಂಬ ಅಪ್ಪ ಬರೆದ ಚಿತ್ರವಿದೆ. ಒಡೆದ ಹಳೆಯ ದೋಣಿಗಳ ಎಂಟು ಹಲಗೆ. ಒಂದೊಂದನ್ನೇ ಹೊತ್ತು ಗುಡ್ಡ ಹತ್ತಿಸಿ, ಅಲ್ಲೇ ಕೂತು ಎದುರು ಕಂಡದ್ದನ್ನು ಬರೆದು, ಕೊನೆಗೆ ಎಂಟನ್ನೂ ಪಕ್ಕಪಕ್ಕಕ್ಕೆ ನಿಲ್ಲಿಸಿ ಬಿಗಿದದ್ದು. ಬೆಳಗ್ಗೆ ಗುಡ್ಡದಿಂದ ಕಾಣುವ ಊರು. ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಹೆಂಗಸರು, ಮಗುಚಿ ಹಾಕಿದ ದೋಣಿಗೆ ಡಾಂಬರು ಬಳಿಯುವವನು, ಹಗ್ಗದ ಸುರುಳಿಯೊಳಗೆ ಮಲಗಿದ ನಾಯಿ, ದೋಣಿ ಕಟ್ಟೆಯ ತುದಿಯಲ್ಲಿ ಒಂದು ಬೋಳು ಕಂಬ, ಅದರಾಚೆ ಹೊಳೆ ಕಡಲಿಗೆ ಸೇರುವ ಅಳಿವೆ. ಬೆಳಕು ಎಡದಿಂದ ಬರುತ್ತದೆ, ನೆರಳೆಲ್ಲ ಬಲಕ್ಕೆ ಬೀಳುತ್ತದೆ. ಕಾಣದ್ದನ್ನು ಅಪ್ಪ ಬರೆದವನೇ ಅಲ್ಲ. ಆ ನಾಯಿಗೆ ಒಂದು ಕಿವಿ ಇಲ್ಲ, ನಿಜದಲ್ಲೂ ಇರಲಿಲ್ಲ.

ಬಲಗಡೆಯಿಂದ ಮೂರನೇ ಹಲಗೆಯ ನಡುವೆ ಮಾತ್ರ ಏನೂ ಇಲ್ಲ. ಬರೀ ನೀರು. ಆದರೆ ಬಲೆ ಹೊಲಿಯುವ ಹೆಂಗಸರಿಗೆ ಆ ನೀರು ಕಂಡರಾಗದು. ಮಳೆಗಾಲದಲ್ಲಿ ಅಲ್ಲಿ ಬೆಳ್ಳಗೆ ಉಪ್ಪು ಏಳುತ್ತದೆ, ಒಳಗಿನಿಂದ ಏನೋ ಉಬ್ಬಿದ ಹಾಗೆ ಆಗುತ್ತದೆ. ಸತ್ತ ಮೀನು ಎಂದಳು ಒಬ್ಬಳು. ಮಲಗಿದ ಮನುಷ್ಯ ಎಂದಳು ಇನ್ನೊಬ್ಬಳು. ಸಂಜೆಯ ಬೆಳಕು ಬಿದ್ದಾಗ ಅದು ಉಸಿರಾಡುತ್ತದೆ ಎಂದ ಮೂರನೆಯವಳು ಅವತ್ತೇ ಜಾಗ ಬದಲಾಯಿಸಿದಳು. ಹೀಗೆ ಒಬ್ಬೊಬ್ಬರೇ ಸರಿದು, ಅದರ ಕೆಳಗೆ ಉಳಿದವಳು ಸೂಜಿಯಕ್ಕ ಒಬ್ಬಳೇ.

ಊರಿಗೆಲ್ಲ ಅವಳು ಸೂಜಿಯಕ್ಕ. ಬಲೆಯ ಸೂಜಿಗಿಂತ ನಾಲಿಗೆ ಚೂಪು ಎಂದು ಇಟ್ಟ ಹೆಸರು. ಅವಳು ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದುದರಿಂದ ನನಗೆ ಅತ್ತೆ.

"ದೆವ್ವ ನನ್ನನ್ನ ಹಿಡಿದ್ರೆ ಕಷ್ಟ ದೆವ್ವಕ್ಕೇ ಕಣೇ. ಎರಡೇ ದಿನಕ್ಕೆ ತಂದು ವಾಪಸ್ ಬಿಡುತ್ತೆ," ಎಂದು ನಗುತ್ತಿದ್ದಳು. ಕಿಟಕಿಗೆ ಮುಖ ಮಾಡಿ, ಚಿತ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಬಲೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಹರಿದ ಕಣ್ಣು ತಕ್ಷಣ ಕಾಣುತ್ತದೆ. ಇಪ್ಪತ್ತೆರಡು ವರ್ಷ ಹಾಗೇ ಕೂತಿದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ ಅವಳ ಗಂಡ, ನನ್ನ ಮಾವ, ಹೊಸದಾಗಿ ಬಣ್ಣ ಹೊಡೆಸಿದ ದೋಣಿಯನ್ನು ಬೆಳಕು ಹರಿಯುವ ಮೊದಲೇ ನೀರಿಗಿಳಿಸಿ ಒಬ್ಬನೇ ಹೋದವನು ತಿರುಗಿ ಬರಲಿಲ್ಲ. ಅಂದು ರಾತ್ರಿ ಗಾಳಿ ಎದ್ದಿತ್ತು ನಿಜ. ಆದರೆ ಒಂದು ಹಲಗೆ ತೇಲಿ ಬರಲಿಲ್ಲ, ಒಂದು ಹುಟ್ಟು ಸಿಗಲಿಲ್ಲ. ಗಾಳಿ ಏಳುವ ಮುಂಚೆ ಅವನು ಹಿಂದಿರುಗಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾದರೆ ಹಿಂದಿರುಗುವ ಮನಸ್ಸೇ ಇರಲಿಲ್ಲ ಎಂದಿತು ಊರು. ಆಚೆ ದಡದಲ್ಲಿ ಇನ್ನೊಂದು ಸಂಸಾರ ಇದೆಯಂತೆ. ಎರಡು ಮಕ್ಕಳಂತೆ. ಮೂರನೇ ವರ್ಷಕ್ಕೆ ಆ ಮಕ್ಕಳು ಶಾಲೆಗೂ ಹೋಗತೊಡಗಿದವು.

ಅತ್ತೆ ಮೊದಮೊದಲು ಜಗಳಕ್ಕೆ ನಿಂತಳು. ಆಮೇಲೆ ತಮಾಷೆಗೆ ತಿರುಗಿಸಿದಳು. ಕೊನೆಗೆ ಅರ್ಧ ನಂಬಿಬಿಟ್ಟಳು ಅಂತ ಕಾಣುತ್ತದೆ. ಗೂಟದಲ್ಲಿ ತೂಗುತ್ತಿದ್ದ ಅವನ ಮಳೆ ಕೋಟನ್ನು ಒಂದು ದಿನ ಮಂಜುಗಡ್ಡೆ ಗಾಡಿಯವನಿಗೆ ಕೊಟ್ಟು, "ಇನ್ನೊಬ್ಬಳ ಗಂಡನ ಕೋಟು ನಂಗ್ಯಾಕಪ್ಪಾ," ಎಂದಳಂತೆ.

ನಮ್ಮದು ದೋಣಿಗೆ ಬಣ್ಣ ಹೊಡೆಯುವ ಮನೆ. ಪ್ರತಿ ಮನೆಯ ದೋಣಿಗೂ ಮೂತಿಯ ಹತ್ತಿರ ಅದರದೇ ಬಣ್ಣದ ಪಟ್ಟಿ ಇರುತ್ತದೆ. ಪಟ್ಟಿ ನೋಡಿದರೆ ಯಾರ ಮನೆಯದು ಎಂದು ಸಣ್ಣ ಮಕ್ಕಳೂ ಹೇಳಿಯಾರು. ಅಪ್ಪನಿಂದ ಕಲಿತು ಈಗ ನಾನೇ ಹೊಡೆಯುತ್ತೇನೆ. ಚಿತ್ರವನ್ನು ಮಾತ್ರ ಅಪ್ಪ ನನ್ನ ಕೈಗೆ ಕೊಟ್ಟಿರಲಿಲ್ಲ. ಮಳೆಗಾಲ ಮುಗಿಯುತ್ತಲೇ ಒಂದು ಭಾನುವಾರ ತಾನೊಬ್ಬನೇ ಹೋಗಿ ಬಲೆ ಕೋಣೆಯ ಬಾಗಿಲು ಹಾಕಿಕೊಂಡು ತೇಪೆ ಹಾಕಿ ಬರುತ್ತಿದ್ದ.

ಹೋದ ವರ್ಷ ಅಪ್ಪನ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಎದುರು ನಿಂತರೆ ಮನುಷ್ಯ ಇದ್ದಾನೆ ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ.

ಈ ಸಲ ಮೀನುಗಾರರ ಸಂಘದ ಅಧ್ಯಕ್ಷರು ಮನೆಗೇ ಬಂದರು. ಅವರದು ಎಲ್ಲದರಲ್ಲೂ ಅವಸರ. ಚಪ್ಪಲಿ ಒಂದೇ ಕಳಚಿ ಜಗಲಿಯಲ್ಲಿ ಕೂತರು.

"ಕೋಣೆಗೆ ಹೊಸ ಸೂರು ಹಾಕಿಸ್ತಾ ಇದೀವಮ್ಮ. ನಾಲ್ಕು ಜನ ದೊಡ್ಡೋರು ಬರ್ತಾರೆ. ಚಿತ್ರನ ಸ್ವಲ್ಪ ತೊಳೆದು ಲಕಲಕ ಅನ್ನೋ ಹಾಗೆ ಮಾಡ್ಕೊಡು. ಆ ಕಂಬ ಯಾಕೆ ಹಾಗೆ ಬೋಳಾಗಿ ನಿಂತಿದೆ? ಒಂದು ಬಾವುಟ ಹಾರಿಸ್ಬಿಡು, ಕಳೆ ಬರುತ್ತೆ."

"ಕಂಬದ ಸುದ್ದಿ ಬೇಡ," ಎಂದ ಅಪ್ಪ ಒಳಗಿನಿಂದ.

"ನಿಮ್ಮ ಚಿತ್ರ, ನಿಮ್ಮ ಕಂಬ. ನಂಗೇನು," ಎಂದು ಅಧ್ಯಕ್ಷರು ಒಂಟಿ ಚಪ್ಪಲಿ ಹುಡುಕಿಕೊಂಡು ಹೋದರು.

ಅವರು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದ. "ಬಲಗಡೆಯಿಂದ ಮೂರನೇ ಹಲಗೇಲಿ ಉಪ್ಪು ಎದ್ದಿರ್ತದೆ. ಒರೆಸ್ಬೇಡ. ಹಾಗೇ ಮೇಲೆ ನೀರಿನ ಬಣ್ಣ ಎಳೆದುಬಿಡು. ಎರಡು ಕೈ."

ನನಗೆ ಆಶ್ಚರ್ಯವಾಯಿತು. ಉಪ್ಪಿನ ಮೇಲೆ ಬಣ್ಣ ಹಚ್ಚಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಕಡಲ ನೀರು ಕುಡಿದ ಹಲಗೆ ಬೆವರುತ್ತಲೇ ಇರುತ್ತದೆ. ಉಪ್ಪನ್ನು ಸಿಹಿನೀರಲ್ಲಿ ಒರೆಸಿ ಒಣಗಿಸದೆ ಬಣ್ಣ ಎಳೆದರೆ ವರ್ಷ ತುಂಬುವುದರೊಳಗೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಅದನ್ನು ಹೇಳಿಕೊಟ್ಟವನೇ ಅಪ್ಪ. ತಪ್ಪಿದಾಗ ಬ್ರಶ್ಶಿನ ಹಿಡಿಯಿಂದ ಬೆರಳಿಗೆ ಕೊಟ್ಟವನೂ ಅವನೇ. ಕಣ್ಣಿನ ಜೊತೆ ನೆನಪೂ ಮಂಕಾಯಿತೇನೋ ಎಂದುಕೊಂಡು ಸುಮ್ಮನಾದೆ.

ಎಡಗಡೆಯಿಂದ ಕೆಲಸ ಶುರು ಮಾಡಿದೆ. ದಿನಕ್ಕೆ ಒಂದು ಹಲಗೆ. ಹತ್ತಿಯ ಬಟ್ಟೆ, ಸಿಹಿನೀರು, ಮೆದು ಬ್ರಶ್. ಆರನೇ ದಿನ ಆ ಹಲಗೆಗೆ ಬಂದೆ. ನನ್ನ ಏಣಿಯ ಕಾಲಬುಡದಲ್ಲೇ ಅತ್ತೆ ಕೂತಿದ್ದಳು.

"ಮಗಾ, ನನ್ನ ತಲೆ ಮೇಲೆ ನೀರು ಸುರೀಬೇಡ. ಮೊನ್ನೆ ತಾನೇ ಸ್ನಾನ ಆಗಿದೆ."

"ಮೊನ್ನೆನಾ ಅತ್ತೆ?"

"ಹೂಂ, ಮೊನ್ನೆ. ನಿನ್ನ ಹಾಗೆ ದಿನಾ ತೊಳೆಯೋಕೆ ನಾನೇನು ಚಿತ್ರನಾ?"

ಎಲ್ಲರೂ ನಕ್ಕರು. ನಾನೂ ನಗುತ್ತ, ಅಭ್ಯಾಸ ಬಲದಿಂದ, ಉಪ್ಪಿನ ಮೇಲೆ ಒದ್ದೆ ಬಟ್ಟೆ ಇಟ್ಟೆ. ಅಂಗೈಯಗಲ ನೀಲಿ ಸಿಪ್ಪೆ ಬಟ್ಟೆಗೆ ಅಂಟಿಕೊಂಡೇ ಬಂತು. ಅದರ ಅಂಚನ್ನು ನೋಡಿದೆ. ಪದರದ ಮೇಲೆ ಪದರ, ನೀಲಿಯ ಮೇಲೆ ನೀಲಿ, ನಡುನಡುವೆ ಕೂದಲೆಳೆಯಷ್ಟು ಉಪ್ಪು. ಹಳೆಯ ದೋಣಿ ಕೆರೆಯುವವರಿಗೆ ಪದರ ಓದುವುದು ಗೊತ್ತಿರುತ್ತದೆ. ವರ್ಷಕ್ಕೊಂದರಂತೆ, ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ.

ಅದರ ಕೆಳಗೆ ದೋಣಿ ಇತ್ತು.

ಬೆರಳುದ್ದದ ದೋಣಿ. ಪಟ ಇಳಿಸಿ, ಕಡಲಿನ ಕಡೆಯಿಂದ ಮೂತಿಯನ್ನು ಅಳಿವೆಗೆ ಹಿಡಿದು ನಿಂತಿತ್ತು. ಒಳಗೊಬ್ಬ ಮನುಷ್ಯ. ಅಪ್ಪ ಮೂರೇ ಎಳೆಯಲ್ಲಿ ಬರೆದಿದ್ದ: ಒಂದು ಎಳೆ ಮೈಗೆ, ಒಂದು ತಲೆಗೆ, ಒಂದು ಎತ್ತಿದ ಕೈಗೆ. ದೋಣಿಯ ಪಟ್ಟಿ ಎರಡು ಹಳದಿ, ನಡುವೆ ಒಂದು ಕೆಮ್ಮಣ್ಣು.

ಆ ಹಳದಿಯ ಡಬ್ಬಿ ಹಿಡಿದು ನಿಂತವಳು ನಾನೇ. ಆಗ ನನಗೆ ಒಂಬತ್ತು ವರ್ಷ. ನಮ್ಮ ಕೊಟ್ಟಿಗೆಯೊಳಗೆ ದೋಣಿ ಮಗುಚಿ ಹಾಕಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬದ ಅತ್ತೆ ಬಾಗಿಲಲ್ಲಿ ನಿಂತು, "ಹಳದಿ ಹಾಕಣ್ಣಾ, ಎರಡು ಗೆರೆ. ಬರ್ತಾ ಇದ್ರೆ ದೂರದಿಂದಾನೇ ಕಾಣ್ಬೇಕು," ಎಂದಿದ್ದಳು. ಹಿಂದೆ ಆ ಮನೆಯ ಪಟ್ಟಿಗೆ ಹಳದಿ ಇರಲೇ ಇಲ್ಲ. ಮಾರನೇ ದಿನ ಕತ್ತಲಿರುವಾಗಲೇ ಮಾವ ಅದನ್ನು ನೀರಿಗಿಳಿಸಿ ಹೋದ.

ಅಂದರೆ ಹಳದಿ ಹೊತ್ತ ಆ ದೋಣಿಯನ್ನು ಹಗಲು ಬೆಳಕಿನಲ್ಲಿ, ಅಳಿವೆಯ ಎದುರು, ಯಾರೂ ಕಂಡಿರಲು ಸಾಧ್ಯವಿರಲಿಲ್ಲ. ಅದು ಹಿಂದಿರುಗಿ ಬಂದಿರದ ಹೊರತು.

ಇನ್ನೊಂದು ಸಲ ನೋಡಿದೆ. ಚಿತ್ರದ ಬೆಳಕೆಲ್ಲ ಎಡದಿಂದ ಬರುತ್ತಿತ್ತು. ಈ ದೋಣಿಗೆ ಮಾತ್ರ ಬಲದಿಂದ ಬಿದ್ದಿತ್ತು. ಊರಿಗೆಲ್ಲ ಬೆಳಗು, ಅದೊಂದಕ್ಕೆ ಸಂಜೆ.

"ಏನು ಮಗಾ, ದೆವ್ವ ಸಿಕ್ತಾ?" ಎಂದಳು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

"ಇಲ್ಲತ್ತೆ. ಒದ್ದೆ ಇದೆ," ಎಂದೆ. ಒಂದು ಗೋಣಿಚೀಲವನ್ನು ಹಲಗೆಯ ಮೇಲೆ ಇಳಿಬಿಟ್ಟು ಮನೆಗೆ ನಡೆದೆ.

ಅಪ್ಪ ಹಿತ್ತಿಲಲ್ಲಿ ಸೀಮೆಎಣ್ಣೆಯ ಬಟ್ಟಲಿಟ್ಟುಕೊಂಡು ಬ್ರಶ್ಶುಗಳನ್ನು ತಡವಿ ತಡವಿ ತೊಳೆಯುತ್ತಿದ್ದ.

"ಅಪ್ಪ, ಉಪ್ಪು ಒರೆಸಿದೆ."

ಅವನ ಬೆರಳು ನಿಂತವು. "ಒರೆಸ್ಬೇಡ ಅಂದಿದ್ದೆ."

"ಒರೆಸ್ಬೇಕು ಅಂತ ಕಲಿಸಿದ್ದು ನೀನೇ."

ಕೈಲಿದ್ದ ಬ್ರಶ್ಶನ್ನು ಎಣ್ಣೆಯಿಂದೆತ್ತಿ ಬಟ್ಟಲಿನ ಅಂಚಿಗೆ ಒತ್ತಿ ಹಿಂಡಿದ. ಆಮೇಲೆ ಕೇಳಿದ, "ಎಷ್ಟು ಬಂತು?"

"ಪೂರ್ತಿ ಬಂತು. ಪಟ್ಟಿ, ಮನುಷ್ಯ, ಎತ್ತಿದ ಕೈ."

"ಬಣ್ಣ ಕೆಟ್ಟಿಲ್ವಾ?"

ಬೇರೇನಾದರೂ ಕೇಳುತ್ತಾನೆ ಎಂದುಕೊಂಡಿದ್ದೆ. "ಇಲ್ಲ. ನಿನ್ನೆ ಬರೆದ ಹಾಗಿದೆ," ಎಂದೆ. ಅವನ ಮುಖದಲ್ಲಿ ಒಂದು ಗಳಿಗೆ ಏನೋ ಬೆಳಗಿ ಹೋಯಿತು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಅಳಿವೆಯ ಬಾಯಲ್ಲಿ ನೀರಿನಡಿ ಮರಳ ದಿಬ್ಬ ಇದೆ. ಉಬ್ಬರ ಏರಿ ಇಳಿಯುವುದರ ನಡುವೆ ಅರ್ಧ ಗಂಟೆ ಮಾತ್ರ ಅದರ ಮೇಲೆ ದೋಣಿ ಹಾಯಬಹುದು. ಈಗ ಗುರುತಿನ ದೀಪಗಳಿವೆ. ಆಗ ಗುಡ್ಡದ ಮೇಲೆ ಒಬ್ಬ ಕೂತು ನೀರು ನೋಡುತ್ತಿದ್ದ. ಸಾಕಷ್ಟು ಏರಿತೆಂದರೆ ಇಳಿದು ಹೋಗಿ ಕಟ್ಟೆಯ ಕಂಬಕ್ಕೆ ಬಿಳಿ ಬಾವುಟ ಏರಿಸುತ್ತಿದ್ದ. ಅದನ್ನು ನೋಡಿದರೆ ಮಾತ್ರ ಹೊರಗಿನ ದೋಣಿ ಒಳಗೆ ಬರುತ್ತಿತ್ತು. ಎತ್ತರದ ಕಂಬದ ತುದಿ ಹೊರಗಿನವರಿಗೆ ಕಾಣುತ್ತದಾದರೂ, ಅಡ್ಡ ಗುಡ್ಡವಿರುವುದರಿಂದ ಕಟ್ಟೆಯಲ್ಲಿ ನಿಂತವರಿಗೆ ಅಳಿವೆಯಾಚೆ ಏನೂ ಕಾಣದು. ಹೇಗೂ ಇಡೀ ದಿನ ಚಿತ್ರ ಬರೆಯುತ್ತ ಗುಡ್ಡದಲ್ಲೇ ಇರುತ್ತಾನಲ್ಲ ಎಂದು ಆ ವರ್ಷ ಬಾವುಟದ ಕೆಲಸವನ್ನು ಸಂಘದವರು ಅಪ್ಪನಿಗೇ ವಹಿಸಿದ್ದರು.

"ಬೇರೆಲ್ಲಾ ದೋಣಿ ಬೆಳಗಿನ ಉಬ್ಬರಕ್ಕೇ ಒಳಗೆ ಬಂದಾಗಿತ್ತು," ಎಂದ ಅಪ್ಪ. "ಅವನದೊಂದೇ. ದಿಬ್ಬದಾಚೆ ನಿಂತಿದ್ದ. ಹಳದಿಗೆ ಬಿಸಿಲು ಬಿದ್ದಿತ್ತು. ಅಂಥ ಬೆಳಕು ನಾನು ಅದಕ್ಕೆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಕಲಸಿದ ಬಣ್ಣ ಕೈಲಿತ್ತು. ಇದೊಂದು ಮುಗಿಸಿ ಇಳಿಯೋಣ ಅಂದ್ಕೊಂಡೆ. ಕೈ ಎತ್ತಿದ. ಬಾವುಟ ಕೇಳ್ತಿದ್ದ. ಆ ಕೈಯನ್ನೂ ಬರೆದೆ."

ಬಟ್ಟಲನ್ನು ತಡವಿ ಪಕ್ಕಕ್ಕೆ ಸರಿಸಿ ಹೇಳಿದ, "ಮೆಟ್ಟಿಲು ಇಳಿಯೋ ಹೊತ್ತಿಗೆ ನೀರು ತಿರುಗಿಬಿಟ್ಟಿತ್ತು. ಆಗ ಏರಿಸಿದ್ರೆ ಮರಳಿಗೆ ಕೂರ್ತಿದ್ದ. ಮುಂದಿನ ಉಬ್ಬರಕ್ಕೆ ಬರ್ತಾನೆ, ಬಂದ ಮೇಲೆ ನಾಲ್ಕು ಬಯ್ತಾನೆ, ಅಷ್ಟೇ ತಾನೆ ಅಂದ್ಕೊಂಡೆ. ಗಾಳಿ ಏಳ್ತದೆ ಅಂತ ಯಾರಿಗೆ ಗೊತ್ತಿತ್ತು? ಕೆಳಗೆ ಅವಳು ನಿಂತಿದ್ಲು. ಅಣ್ಣಾ, ಅವರು ಕಂಡ್ರಾ ಅಂತ ಕೇಳಿದ್ಲು."

"ಏನಂದೆ?"

"ಇಲ್ಲ ಅಂದೆ."

ನಾನು ಎದ್ದು ನಿಂತೆ. "ಬರೆದದ್ದನ್ನ ಕೆರೆದು ಹಾಕ್ಲಿಲ್ಲ ಯಾಕೆ? ಕೆರೆದಿದ್ರೆ ಪ್ರತಿ ವರ್ಷ ಮುಚ್ಚೋದು ತಪ್ತಿತ್ತು."

"ಕೈ ಬರ್ಲಿಲ್ಲ ಮಗಾ. ಅದಕ್ಕಿಂತ ಚೆನ್ನಾಗಿ ನಾನು ಇನ್ನೇನನ್ನೂ ಬರೆದಿಲ್ಲ." ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ. "ನಾನಿರೋವರೆಗೆ ಮುಚ್ಚಿಡು. ಆಮೇಲೆ ನಿನ್ನಿಷ್ಟ."

ಆ ದಿನದ ಮಧ್ಯಾಹ್ನವೂ ಅತ್ತೆ ಕಳಿಸಿದ ಸಾರಿನ ಡಬ್ಬಿ ನಮ್ಮ ಅಡಿಗೆಮನೆಯಲ್ಲಿತ್ತು. ಅಪ್ಪನ ಕಣ್ಣು ಹೋದಂದಿನಿಂದ ವಾರಕ್ಕೆರಡು ಸಲ ಕಳಿಸುತ್ತಿದ್ದಳು. ಅಪ್ಪ ಅದನ್ನು ಬೇಡ ಎಂದದ್ದಿಲ್ಲ, ಚೆನ್ನಾಗಿದೆ ಎಂದದ್ದೂ ಇಲ್ಲ. ಯಾಕೆಂದು ನಾನು ಯೋಚಿಸಿರಲಿಲ್ಲ.

ಮಾರನೇ ದಿನ ನೀರಿನ ಬಣ್ಣ ಕಲಸಿಕೊಂಡೇ ಹೋದೆ. ಸುಳ್ಳು ಹೇಳುವುದಿಲ್ಲ, ಮುಚ್ಚಿಬಿಡಬೇಕೆಂದೇ ಹೋದದ್ದು. ಅಪ್ಪನಿಗೆ ಎಪ್ಪತ್ತಾರು. ಮಾವನಂತೂ ಬರುವವನಲ್ಲ. ಎರಡು ಕೈ ನೀಲಿ ಎಳೆದರೆ ಎರಡು ಮನೆಯ ನಡುವಿನ ಡಬ್ಬಿ ಹೀಗೇ ಹೋಗಿ ಬರುತ್ತಿರುತ್ತದೆ.

ಆದರೂ ಬೆಳಗ್ಗೆಯಿಂದ ಉಳಿದೆರಡು ಹಲಗೆಗಳಲ್ಲೇ ಕೈಯಾಡಿಸುತ್ತ ಹೊತ್ತು ಕಳೆದೆ. ನಾಲ್ಕೂವರೆಗೆ ಗೋಣಿ ತೆಗೆದೆ. ಹೆಂಗಸರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಅತ್ತೆ ಬೆನ್ನು ಹಾಕಿ ಕೂತು, ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ನಿನ್ನ ಗಂಡ ತಡವಾಗಿ ಬರ್ತಾನೆ ಅಂತ ಅಳ್ತೀಯಲ್ಲೇ. ನನ್ನವರು ಇಪ್ಪತ್ತೆರಡು ವರ್ಷದಿಂದ ಹೊತ್ತಿಗೆ ಸರಿಯಾಗಿ ಬರ್ತಿಲ್ಲ. ನಾನೇನಾದ್ರೂ ಅಂದ್ನಾ?"

ಎಲ್ಲರೂ ನಕ್ಕರು. ಅದೇ ಹೊತ್ತಿಗೆ ಸೂರಿನಲ್ಲಿದ್ದ ಬೆಳಕು ಗೋಡೆಗೆ ಇಳಿಯಿತು. ಕಂಬವನ್ನು ದಾಟಿ ಮೂರನೇ ಹಲಗೆಗೆ ಬಂತು. ಕಿಟಕಿಯ ಕೆಳಗೆ ಯಾವುದೋ ದೋಣಿ ಹಾದಿರಬೇಕು, ಬೆಳಕು ಒಮ್ಮೆಲೇ ಅಲ್ಲಾಡಿತು. ಬರೆದ ನೀರು ಏರಿತು, ಇಳಿಯಿತು. ದೋಣಿ ಅದರ ಜೊತೆ ಏರಿ ಇಳಿಯಿತು. ಅದರೊಳಗಿನ ಮನುಷ್ಯ ಕೈಯಾಡಿಸಿದ. ನಾನು ಕಣ್ಣು ಮುಚ್ಚಿ ತೆರೆದೆ. ಮತ್ತೆ ಆಡಿಸಿದ. ಅವನು ನೋಡುತ್ತಿದ್ದುದು ಕಂಬದ ಕಡೆಗೆ. ಬ್ರಶ್ ಹಿಡಿದು ನಿಂತಿದ್ದವಳು ನಾನು, ಅಪ್ಪ ನಿಂತಿದ್ದ ಹಾಗೆಯೇ.

ಬ್ರಶ್ಶನ್ನು ಡಬ್ಬಿಗೆ ಹಾಕಿ ಏಣಿ ಇಳಿದೆ. "ಅತ್ತೆ, ಸ್ವಲ್ಪ ಈ ಕಡೆ ತಿರುಗು."

"ಯಾಕೇ, ಕುತ್ತಿಗೆ ನೋಯುತ್ತೆ."

"ತಿರುಗು ಅತ್ತೆ."

ನನ್ನ ದನಿಯಲ್ಲಿ ಏನಿತ್ತೋ, ಬಲೆಯನ್ನು ತೊಡೆಯಿಂದ ಸರಿಸಿ ಎದ್ದಳು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಹಲಗೆಯ ಹತ್ತಿರ ಮುಖ ತಂದಳು. ಬಹಳ ಹೊತ್ತು ನೋಡಿದಳು. ಸೂಜಿಯ ತುದಿಯನ್ನು ಹಳದಿ ಗೆರೆಯ ಹತ್ತಿರ ಹಿಡಿದಳು, ಮುಟ್ಟಲಿಲ್ಲ.

"ಹಳದಿ ನಾನೇ ಹೇಳಿದ್ದು," ಎಂದಳು.

"ಹೂಂ."

"ಇದು ಹೊರಗೆ ಹೋಗೋದಲ್ಲ. ಮೂತಿ ಈ ಕಡೆಗಿದೆ."

"ಹೂಂ ಅತ್ತೆ. ಸಂಜೆ ಬೆಳಕು."

"ಹಾಗಾದ್ರೆ ಬಂದಿದ್ರು."

ಕೋಣೆಯಲ್ಲಿ ಎಲ್ಲರ ಸೂಜಿಯೂ ನಿಂತಿತ್ತು. ಅತ್ತೆ ಹಿಂದೆ ಸರಿದು, ದೋಣಿಯಿಂದ ಕಣ್ಣು ತೆಗೆದು, ಆ ಕೈ ಎತ್ತಿದ ದಿಕ್ಕಿನಲ್ಲೇ ಮೆಲ್ಲಗೆ ನೋಡುತ್ತ ಹೋಗಿ ಬೋಳು ಕಂಬದ ಹತ್ತಿರ ನಿಂತಳು. ಆ ವರ್ಷ ಬಾವುಟ ಏರಿಸುತ್ತಿದ್ದವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕೋಟು ಕೊಟ್ಬಿಟ್ನಲ್ಲೇ," ಎಂದಳು. ಅಷ್ಟೇ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಓಡಿದೆ.

ನಮ್ಮ ಮನೆಗೇ ಬಂದಳು. ಯಾವಾಗಲೂ ಸೀದಾ ಅಡಿಗೆಮನೆಗೆ ನುಗ್ಗುವವಳು ಇಂದು ಹೊಸ್ತಿಲಲ್ಲಿ ನಿಂತಳು. ಅಪ್ಪ ಕುರ್ಚಿಯಲ್ಲಿದ್ದ. ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದದ್ದು ತಿಳಿದು ತಲೆಯೆತ್ತಿದ.

"ಯಾರು?"

"ಬಣ್ಣದವರೇ," ಎಂದಳು ಅತ್ತೆ. ಅಣ್ಣ ಎನ್ನಲಿಲ್ಲ. ನನಗೆ ನೆನಪಿರುವಂತೆ ಅದೇ ಮೊದಲು. "ಎಷ್ಟು ಹೊತ್ತು ಕಾದ್ರು?"

ಅಪ್ಪನ ಕೈ ಕುರ್ಚಿಯ ತೋಳನ್ನು ತಡವಿತು. ಮಡಿಲಲ್ಲಿದ್ದ ತೊಳೆದ ಬ್ರಶ್ಶುಗಳ ಪೈಕಿ ಒಂದು ಉರುಳಿ ನೆಲಕ್ಕೆ ಬಿತ್ತು.

"ಬೆಳಕಿರೋವರೆಗೂ. ನಾನು ಮತ್ತೆ ಗುಡ್ಡ ಹತ್ತಿದ್ದೆ," ಎಂದ.

"ನೀವು ನೋಡ್ತಾನೇ ಇದ್ರಾ?"

"ನೋಡ್ತಾನೇ ಇದ್ದೆ."

ಅತ್ತೆ ತಲೆಯಾಡಿಸಿದಳು, ಅವನಿಗೆ ಕಾಣುವುದಿಲ್ಲ ಎಂಬುದನ್ನು ಮರೆತು. ಆಮೇಲೆ ತಿರುಗಿ ಅಂಗಳ ದಾಟಿ ಹೋದಳು. ಅವಳ ಹೆಜ್ಜೆ ಪೂರ್ತಿ ಅಡಗಿದ ಮೇಲೂ ಅಪ್ಪ ಬಾಗಿಲ ಕಡೆಗೇ ಮುಖ ಇಟ್ಟುಕೊಂಡು, "ಇದಾಳಾ?" ಎಂದು ಕೇಳುತ್ತಲೇ ಇದ್ದ. "ಇಲ್ಲಪ್ಪ," ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ.

ಸೂರು ಹಾಕುವ ಕೆಲಸ ಮುಗಿದು ಅಧ್ಯಕ್ಷರು ಚಿತ್ರ ನೋಡಲು ಬಂದರು. ವಿಷಯ ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಆಚೆ ದಡದ ಸಂಸಾರದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ; ನಾವು ಹಾಗೆ ಅಂದೇ ಇಲ್ಲ ಎಂದವರೂ ಇದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಹಾಗಿದ್ರೆ ಆ ಕಂಬಕ್ಕೆ ಈಗಾದ್ರೂ ಒಂದು ಬಾವುಟ ಬರೆದುಬಿಡ್ಲಿ ಅಲ್ವಾ ಅಕ್ಕ, ಪಾಪ," ಎಂದರು.

"ಬೇಡ," ಎಂದಳು ಅತ್ತೆ. "ಕಂಬ ಹಾಗೇ ಇರ್ಲಿ. ಅವರು ಬಂದಿದ್ರು, ನಾವು ಏರಿಸ್ಲಿಲ್ಲ. ಬರೆದದ್ದು ಸರಿಯಾಗೇ ಇದೆ."

ಈಗ ಅವಳು ಜಾಗ ಬದಲಿಸದೆ, ಮುಖವನ್ನಷ್ಟೇ ಗೋಡೆಗೆ ತಿರುಗಿಸಿ ಕೂರುತ್ತಾಳೆ. ಕಿಟಕಿ ಬೆನ್ನಿಗೆ ಬಿದ್ದುದರಿಂದ ಅವಳ ನೆರಳು ಅವಳ ಬಲೆಯ ಮೇಲೇ ಬೀಳುತ್ತದೆ. ಬಲೆಯ ಕಣ್ಣು ತಪ್ಪುತ್ತದೆ, ಗಂಟು ಸಡಿಲಾಗುತ್ತದೆ, ಹೊಲಿಗೆಯಲ್ಲಿ ಊರಿಗೇ ಮೊದಲಿನವಳು ಎನಿಸಿದ್ದವಳ ಬಲೆಯನ್ನು ಈಗ ಪಕ್ಕದವಳು ಬಿಚ್ಚಿ ಹೊಲಿಯುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ಸಾರಿನ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಎರಡು ಸಲ ತೊಳೆದು ತೆಗೆದುಕೊಂಡು ಹೋದೆ. "ಇಟ್ಕೋ ಮಗಾ," ಎಂದಳು, ಚಿತ್ರದಿಂದ ಕಣ್ಣು ತೆಗೆಯದೆ.

ಸಂಜೆಯಾಗುತ್ತ ಬಂದಾಗ ಅಪ್ಪ ಕುರ್ಚಿಯಲ್ಲಿ ಚಡಪಡಿಸುತ್ತಾನೆ. ಹೊತ್ತು ಎಷ್ಟೆಂದು ಅವನ ಮೈಗೇ ತಿಳಿಯುತ್ತದೆ. "ಈಗ ಬೆಳಕು ಅಲ್ಲಿಗೆ ಬಂದಿರ್ಬೇಕು," ಎನ್ನುತ್ತಾನೆ. ನಾನು ಹೂಂ ಎನ್ನುತ್ತೇನೆ. ಅಲ್ಲಿ ಬಲೆ ಕೋಣೆಯಲ್ಲಿ ಆ ಹೊತ್ತಿಗೆ ಅತ್ತೆ ಸೂಜಿಯನ್ನು ಮಡಿಲಿಗೆ ಇಳಿಸಿರುತ್ತಾಳೆ. ಬರೆದ ನೀರು ಏರಿ ಇಳಿಯುತ್ತಿರುತ್ತದೆ. ಬೆಳಕು ಹಲಗೆ ಬಿಟ್ಟು ಹೋಗುವವರೆಗೂ ಅವಳು ಏಳುವುದಿಲ್ಲ.